ಸೀರೆಯುಟ್ಟು ಟೆನಿಸ್ ಅಂಗಳಕ್ಕಿಳಿದ ಲೇಡಿ ಮೆಹರ್‌ಬಾಯಿ ಟಾಟಾ

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿ ಮುಂಬಯಿಗಳಲ್ಲಿ ನೆಲೆನಿಂತಿರುವ ಕನ್ನಡ ಕುಟುಂಬಗಳಿಗೆ ‘ಟಾಟಾ’ ಎಂಬ ಹೆಸರು ಕೇಳಿದೊಡನೆ ಮೊದಲು ನೆನಪಾಗುವುದು ಕಾರಖಾನೆಯಲ್ಲ, ಆಸ್ಪತ್ರೆ. ಊರಿನಿಂದ ಬಂಧುಗಳು ಕರೆ ಮಾಡಿ “ಪರೇಲಿನ ಟಾಟಾಕ್ಕೆ ಬರಬೇಕಾಗಿದೆ” ಎಂದಾಗ ಅವರ ಧ್ವನಿಯಲ್ಲಿನ ಅಳುಕನ್ನು ನಾವೆಲ್ಲರೂ ಕೇಳಿದವರೇ. ಅವರಿಗಾಗಿ ಹಾಲ್‌ನಲ್ಲಿ ಹಾಸಿಗೆ ಹಾಸಿ, ಬೆಳಗಿನ ಲೋಕಲ್ ಹಿಡಿಸಿ, ಕೇಸ್ ಪೇಪರ್ ಮಾಡಿಸಿಕೊಟ್ಟ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಆದರೆ ಆ ಆಸ್ಪತ್ರೆಯ ಹುಟ್ಟಿನ ಹಿಂದೆ ಇರುವ ಮಹಿಳೆ ಬೆಂಗಳೂರು-ಮೈಸೂರುಗಳಲ್ಲಿ ಬೆಳೆದವರು ಎಂಬುದಾಗಲಿ, ತಮ್ಮ ಕಾಲದಲ್ಲಿ ಪಶ್ಚಿಮ ಭಾರತದ ಹೆಸರಾಂತ ಟೆನಿಸ್ ಆಟಗಾರ್ತಿಯಾಗಿದ್ದರು ಎಂಬುದಾಗಲಿ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಅವರೇ ಲೇಡಿ ಮೆಹರ್‌ಬಾಯಿ ಟಾಟಾ. ಅವರ ವಜ್ರದ ಕತೆ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಅವರ ರ‍್ಯಾಕೆಟ್ಟಿನ ಕತೆ ಬರುವುದು ಅಪರೂಪ. ಹೆಣ್ಣುಮಕ್ಕಳಿರುವ ಮನೆಗಳು ಈ ಎರಡನೆಯ ಕತೆಯನ್ನೂ ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ.

ಮೈಸೂರು ಸಂಸ್ಥಾನದಲ್ಲಿ ಬಾಲ್ಯ

ಮೆಹರ್‌ಬಾಯಿ ಜನಿಸಿದ್ದು 1879ರಲ್ಲಿ, ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ. ತಂದೆ ಹೊರ್ಮುಸ್‌ಜಿ ಭಾಭಾ ಇಂಗ್ಲೆಂಡಿನಲ್ಲಿ ಉಚ್ಚ ಶಿಕ್ಷಣ ಪಡೆದು ಬಂದವರು. ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಅಲ್ಲಿನ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಹುದ್ದೆಯವರೆಗೆ ಏರಿದರು. ಹೀಗಾಗಿ ಮಗಳ ಬಾಲ್ಯವೆಲ್ಲ ಕನ್ನಡ ನಾಡಿನಲ್ಲಿಯೇ ಕಳೆಯಿತು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಆಕೆಯ ವಿದ್ಯಾಭ್ಯಾಸ ನಡೆಯಿತು. ಓದಿನೊಂದಿಗೆ ಪಿಯಾನೊ ವಾದನವೂ ಕೈಗೂಡಿತು. ಹುಡುಗಿಯರಿಗೆ ಹತ್ತು-ಹನ್ನೆರಡು ವರ್ಷ ತುಂಬುವ ಮೊದಲೇ ಮದುವೆ ಮಾಡಿಬಿಡುತ್ತಿದ್ದ ಕಾಲವದು. ಅಂತಹ ಕಾಲದಲ್ಲಿ ಭಾಭಾ ಅವರು ಮಗಳನ್ನು ಹದಿನೆಂಟರವರೆಗೆ ಓದಿಸಿದರೆಂಬುದು ಸಣ್ಣ ಸಂಗತಿಯಲ್ಲ.

ಕೈಗಾರಿಕೋದ್ಯಮಿ ಜಮ್‌ಶೇಟ್‌ಜಿ ಟಾಟಾ ಅವರು ಮೈಸೂರಿಗೆ ಬಂದಾಗ ಭಾಭಾ ಕುಟುಂಬದ ಪರಿಚಯವಾಯಿತು. ಹಿರಿಯ ಮಗ ದೊರಾಬ್‌ಜಿಗೆ ಈ ಮನೆಯ ಹುಡುಗಿ ತಕ್ಕ ಜೊತೆಯಾದಾಳು ಎಂದು ಅವರಿಗೆ ತೋರಿತು. 1898ರ ಫೆಬ್ರವರಿ 14ರಂದು ವಿವಾಹ ನೆರವೇರಿತು. ವರನಿಗೂ ವಧುವಿಗೂ ವಯಸ್ಸಿನಲ್ಲಿ ಇಪ್ಪತ್ತು ವರ್ಷಗಳ ಅಂತರವಿತ್ತು. ಆದರೂ ಇಬ್ಬರನ್ನೂ ಒಂದುಗೂಡಿಸಿದ ಸಂಗತಿಗಳಲ್ಲಿ ಕ್ರೀಡಾಪ್ರೀತಿ ಮುಖ್ಯವಾದದ್ದು. 1910ರಲ್ಲಿ ದೊರಾಬ್‌ಜಿಯವರಿಗೆ ‘ಸರ್’ ಪದವಿ ದೊರೆತ ಬಳಿಕ ಮೆಹರ್‌ಬಾಯಿ ‘ಲೇಡಿ ಟಾಟಾ’ ಆದರು. ಮೆಹರ್‌ಬಾಯಿಯವರ ಸೋದರ ಜಹಾಂಗೀರ್ ಭಾಭಾ ಅವರ ಮಗನೇ ಮುಂದೆ ಭಾರತದ ಅಣುಶಕ್ತಿ ಕಾರ್ಯಕ್ರಮವನ್ನು ಕಟ್ಟಿದ ಡಾ. ಹೋಮಿ ಭಾಭಾ.

ಅಂಗಳದಲ್ಲಿ ಲೇಡಿ ಟಾಟಾ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾನ್ ಟೆನಿಸ್ ಭಾರತದಲ್ಲಿ ಇನ್ನೂ ಹೊಸ ಆಟ. ಬ್ರಿಟಿಷ್ ಅಧಿಕಾರಿಗಳ ಕ್ಲಬ್ಬುಗಳು, ಜಿಮ್‌ಖಾನಾಗಳು, ಅರಮನೆಗಳ ಅಂಗಳಗಳು, ಇವಿಷ್ಟೇ ಅದರ ನೆಲೆಗಳು. ಅಲ್ಲಿ ಭಾರತೀಯ ಗಂಡಸರೇ ವಿರಳವಾಗಿದ್ದಾಗ ಹೆಂಗಸರ ಮಾತಂತೂ ದೂರವೇ ಉಳಿಯಿತು. ಅಂತಹ ಅಂಗಳಕ್ಕೆ ಮೆಹರ್‌ಬಾಯಿ ಸೀರೆಯುಟ್ಟೇ ಇಳಿದರು. ಪಾರ್ಸಿ ರೀತಿಯಲ್ಲಿ ಬಲ ಹೆಗಲ ಮೇಲೆ ಸೆರಗು ಹೊದ್ದು, ಐದೂವರೆ ಗಜದ ಸೀರೆಯಲ್ಲಿ ಅತ್ತಿಂದಿತ್ತ ಓಡಿ ಚೆಂಡನ್ನು ಹಿಂದಿರುಗಿಸುವುದು ಎಷ್ಟು ಕಷ್ಟವೆಂಬುದನ್ನು ಸೀರೆಯುಟ್ಟು ಲೋಕಲ್ ರೈಲು ಹಿಡಿಯುವ ನಮ್ಮ ಸೋದರಿಯರಿಗೆ ವಿವರಿಸಬೇಕಾಗಿಲ್ಲ. ಅವರು ಉತ್ತಮ ಕುದುರೆ ಸವಾರರೂ ಆಗಿದ್ದರು, ಸ್ವತಃ ಮೋಟಾರು ಕಾರನ್ನೂ ನಡೆಸುತ್ತಿದ್ದರು.

ಆಟ ಬರಿಯ ಸಂಜೆಯ ಹವ್ಯಾಸವಾಗಿ ಉಳಿಯಲಿಲ್ಲ. ವಿವಿಧ ಟೂರ್ನಿಗಳಲ್ಲಿ ಅವರು ಗೆದ್ದ ಬಹುಮಾನಗಳ ಸಂಖ್ಯೆ ಅರುವತ್ತನ್ನು ಮೀರಿತ್ತು. ವೆಸ್ಟರ್ನ್ ಇಂಡಿಯಾ ಟೂರ್ನಿಯಲ್ಲಿ ‘ಟ್ರಿಪಲ್ ಕ್ರೌನ್’ ಅಂದರೆ ಮೂರು ಕಿರೀಟಗಳ ಗೌರವವನ್ನೂ ಅವರು ಗಳಿಸಿದರು. ಒಂದೇ ಟೂರ್ನಿಯಲ್ಲಿ ಸಿಂಗಲ್ಸ್, ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಮೂರನ್ನೂ ಗೆದ್ದವರಿಗೆ ಈ ಹೆಸರು. ಸಿಂಗಲ್ಸ್‌ಗೆ ಒಬ್ಬಂಟಿಯಾಗಿ ಇಡೀ ಅಂಗಳವನ್ನು ಕಾಯುವ ಕಸುವು ಬೇಕು, ಡಬಲ್ಸ್‌ಗೆ ಜೊತೆಗಾರ್ತಿಯೊಂದಿಗೆ ಹೊಂದಾಣಿಕೆ ಬೇಕು. ಮಿಶ್ರ ಡಬಲ್ಸ್‌ನಲ್ಲಿ ಗಂಡಸರ ರಭಸದ ಹೊಡೆತಗಳನ್ನು ಎದುರಿಸಬೇಕು. ಈ ಮೂರೂ ಒಬ್ಬರಲ್ಲಿಯೇ ಕೂಡಿಬರುವುದು ಸುಲಭವಲ್ಲ.

ಅದೇ ಕಾಲದ ಅಮೆರಿಕದ ಹೇಜಲ್

ಮೆಹರ್‌ಬಾಯಿಯವರ ಆಟದ ಬೆಲೆಯನ್ನು ಅರಿಯಲು ಅದೇ ಕಾಲದ ಅಮೆರಿಕದ ಆಟಗಾರ್ತಿಯೊಬ್ಬರನ್ನು ನೆನೆಯುವುದು ಉಚಿತ. ಹೇಜಲ್ ಹಾಚ್‌ಕಿಸ್ 1886ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮನೆಯ ಅಂಗಳದಲ್ಲಿ ಹಗ್ಗ ಕಟ್ಟಿ ಅದನ್ನೇ ನೆಟ್ ಎಂದು ಭಾವಿಸಿ ಅಣ್ಣತಮ್ಮಂದಿರೊಂದಿಗೆ ಆಡುತ್ತಿದ್ದರು. ಬರ್ಕ್ಲಿಯ ವಿಶ್ವವಿದ್ಯಾಲಯದ ಅಂಗಳದಲ್ಲಿ ಬೆಳಗಿನ ಎಂಟು ಗಂಟೆಯ ಬಳಿಕ ಹುಡುಗಿಯರಿಗೆ ಆಡಲು ಅವಕಾಶವಿರಲಿಲ್ಲ. ಅದಕ್ಕಾಗಿ ನಸುಕಿನಲ್ಲಿಯೇ ಎದ್ದು ಹೋಗಿ ಆಡಿ ಬರುತ್ತಿದ್ದರು. ಇದೇ ಹುಡುಗಿ 1909, 1910 ಮತ್ತು 1911ರಲ್ಲಿ, ಅಂದರೆ ಸತತ ಮೂರು ವರ್ಷ, ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಮೂರು ಕಿರೀಟಗಳನ್ನೂ ಗೆದ್ದುಕೊಂಡರು. 1912ರಲ್ಲಿ ಜಾರ್ಜ್ ವೈಟ್‌ಮನ್ ಅವರನ್ನು ವಿವಾಹವಾಗಿ ಮಕ್ಕಳ ತಾಯಿಯಾದ ಮೇಲೂ ರ‍್ಯಾಕೆಟ್ ಕೆಳಗಿಡಲಿಲ್ಲ. 1919ರಲ್ಲಿ ಮತ್ತೆ ಸಿಂಗಲ್ಸ್ ಪ್ರಶಸ್ತಿ ಗೆದ್ದರು.

ಇಷ್ಟಕ್ಕೆ ನಿಂತಿದ್ದರೆ ಅವರು ಹಲವು ಚಾಂಪಿಯನ್ನರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು. ಅವರು ಮಹಿಳೆಯರ ತಂಡಗಳ ಅಂತರರಾಷ್ಟ್ರೀಯ ಸ್ಪರ್ಧೆಗೆಂದು ಕಪ್ ಒಂದನ್ನು ದಾನವಾಗಿ ಕೊಟ್ಟರು. 1923ರಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳ ನಡುವೆ ಆರಂಭವಾದ ಈ ‘ವೈಟ್‌ಮನ್ ಕಪ್’ 1989ರವರೆಗೆ ನಡೆಯಿತು. ಬಾಸ್ಟನ್ ಸಮೀಪದ ತಮ್ಮ ಮನೆಯಲ್ಲಿ ಎಳೆಯ ಆಟಗಾರ್ತಿಯರನ್ನು ಇರಿಸಿಕೊಂಡು, ಊಟ ವಸತಿ ನೀಡಿ, ದಶಕಗಳ ಕಾಲ ಆಟ ಕಲಿಸಿದರು. ತಾನು ಗೆದ್ದದ್ದನ್ನು ಮುಂದಿನ ಪೀಳಿಗೆಗೆ ದಾಟಿಸುವ ದಾರಿಯನ್ನು ಅವರು ತಾವೇ ಕಟ್ಟಿದರು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದೇ ವಿಚಾರಕ್ಕೆ ಬರಲಿದ್ದೇವೆ.

ಪ್ಯಾರಿಸ್ 1924

ಈ ಇಬ್ಬರು ಮಹಿಳೆಯರ ಹೆಸರುಗಳು 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಒಂದೇ ಸ್ಪರ್ಧೆಗೆ ಸೇರಿದವು ಎಂಬುದು ವಿಶೇಷ. ಭಾರತದ ಒಲಿಂಪಿಕ್ ಇತಿಹಾಸದಲ್ಲಿ ಸರ್ ದೊರಾಬ್‌ಜಿಯವರ ಪಾತ್ರ ದೊಡ್ಡದು. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಭಾರತದ ಪುಟ್ಟ ತಂಡವನ್ನು ಕಳುಹಿಸಲು ಮುಂದಾಗಿ ಹಣ ಒದಗಿಸಿದವರು ಅವರು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು, ಮ್ಯಾರಥಾನ್ ಓಟದಲ್ಲಿ ಅವರು 19ನೆಯ ಸ್ಥಾನ ಗಳಿಸಿದರು. 1927ರಲ್ಲಿ ಸ್ಥಾಪನೆಯಾದ ಭಾರತೀಯ ಒಲಿಂಪಿಕ್ ಸಂಸ್ಥೆಗೆ ದೊರಾಬ್‌ಜಿಯವರೇ ಮೊದಲ ಅಧ್ಯಕ್ಷರು.

ಪ್ಯಾರಿಸ್ಸಿಗೆ ಹೊರಟ ಭಾರತ ತಂಡದ ಟೆನಿಸ್ ಪಟ್ಟಿಯಲ್ಲಿ ಮಹಮ್ಮದ್ ಸಲೀಂ, ಸಿಡ್ನಿ ಜೇಕಬ್, ಅಥರ್ ಅಲಿ ಫೈಜಿ ಮೊದಲಾದವರಿದ್ದರು. ಮಿಶ್ರ ಡಬಲ್ಸ್‌ಗೆ ಸಲೀಂ ಅವರ ಜೋಡಿಯಾಗಿ ಲೇಡಿ ಟಾಟಾ ಅವರ ಹೆಸರು ನಮೂದಾಯಿತು. ಆಗ ಅವರಿಗೆ 44 ವರ್ಷ. ಮಹಿಳೆಯರ ಸಿಂಗಲ್ಸ್‌ನಲ್ಲಿ ನೋರಾ ಪಾಲಿ ಭಾರತದ ಪರವಾಗಿ ಆಡಿ ಒಂದು ಪಂದ್ಯ ಗೆದ್ದರು. ಹೇಜಲ್ ವೈಟ್‌ಮನ್ ತಮ್ಮ 37ನೆಯ ವಯಸ್ಸಿನಲ್ಲಿ, ಹದಿನೆಂಟರ ಹರೆಯದ ಹೆಲೆನ್ ವಿಲ್ಸ್ ಜೊತೆಯಲ್ಲಿ ಮಹಿಳೆಯರ ಡಬಲ್ಸ್‌ನಲ್ಲಿಯೂ ರಿಚರ್ಡ್ ನಾರಿಸ್ ವಿಲಿಯಮ್ಸ್ ಜೊತೆಯಲ್ಲಿ ಮಿಶ್ರ ಡಬಲ್ಸ್‌ನಲ್ಲಿಯೂ ಚಿನ್ನ ಗೆದ್ದರು. ಅಲ್ಲಿಂದ ಮುಂದೆ ಟೆನಿಸ್ ಪದಕದ ಆಟವಾಗಿ ಒಲಿಂಪಿಕ್ಸ್‌ಗೆ ಮರಳಿದ್ದು 1988ರಲ್ಲಿ.

ವಿದೇಶಿ ಆಳ್ವಿಕೆಯಲ್ಲಿದ್ದ ದೇಶವೊಂದರ ಮಹಿಳೆ, ನಡುವಯಸ್ಸಿನಲ್ಲಿ, ಜಗತ್ತಿನ ಅತಿ ದೊಡ್ಡ ಕ್ರೀಡಾಕೂಟದ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಂಡದ್ದು ಅಂದಿನ ಮಟ್ಟಿಗೆ ಸಾಹಸವೇ ಸರಿ. ಟೆನಿಸ್ ಅಂಗಳವಾಗಲಿ, ಸಭೆಯ ವೇದಿಕೆಯಾಗಲಿ, ಹೆಣ್ಣು ನಾಲ್ಕು ಜನರೆದುರು ಬರಬಾರದು ಎಂಬ ಅಲಿಖಿತ ಕಟ್ಟಳೆಯನ್ನು ಅವರು ಎರಡೂ ಕಡೆಗಳಲ್ಲಿ ಮುರಿದರು.

ವಜ್ರ ಅಡವಿಗೆ ಹೋದ ಕತೆ

ಬ್ಯಾಂಕಿನಲ್ಲಿ ದುಡಿಯುವ ನಮ್ಮಂಥವರಿಗೆ ಮೆಹರ್‌ಬಾಯಿಯವರ ಬದುಕಿನ ಇನ್ನೊಂದು ಪ್ರಸಂಗ ವಿಶೇಷ ಆಸಕ್ತಿಯದು. ದಕ್ಷಿಣ ಆಫ್ರಿಕದ ಗಣಿಯಲ್ಲಿ 1895ರಲ್ಲಿ ದೊರೆತು, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರ ಮಹೋತ್ಸವದ ನೆನಪಿಗೆ ‘ಜುಬಿಲಿ’ ಎಂಬ ಹೆಸರು ಪಡೆದ 245.35 ಕ್ಯಾರಟ್ಟಿನ ವಜ್ರವನ್ನು ದೊರಾಬ್‌ಜಿಯವರು ಪತ್ನಿಗಾಗಿ ಕೊಂಡಿದ್ದರು. ಇಂದಿನ ಕೊಹಿನೂರಿಗಿಂತ ಇದು ಎರಡು ಪಟ್ಟಿಗೂ ದೊಡ್ಡದು. 1924ರಲ್ಲಿ ಜಮ್‌ಶೇಡ್‌ಪುರದ ಟಾಟಾ ಉಕ್ಕಿನ ಕಂಪೆನಿ ದೊಡ್ಡ ಬಿಕ್ಕಟ್ಟಿಗೆ ಸಿಲುಕಿತು. ಕಾರ್ಮಿಕರಿಗೆ ಸಂಬಳ ಕೊಡಲೂ ಹಣವಿಲ್ಲದ ಸ್ಥಿತಿ ಬಂತು. ಆಗ ದೊರಾಬ್‌ಜಿ ತಮ್ಮ ವೈಯಕ್ತಿಕ ಆಸ್ತಿಯನ್ನೂ, ಈ ವಜ್ರ ಸಹಿತ ಪತ್ನಿಯ ಆಭರಣಗಳನ್ನೂ ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಒಂದು ಕೋಟಿ ರೂಪಾಯಿ ಸಾಲ ಪಡೆದರು.

ಈ ಇಂಪೀರಿಯಲ್ ಬ್ಯಾಂಕ್ ಎಂದರೆ ಬಾಂಬೆ, ಬಂಗಾಳ, ಮದ್ರಾಸುಗಳ ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳು 1921ರಲ್ಲಿ ಒಂದುಗೂಡಿ ಆದ ಸಂಸ್ಥೆ. 1955ರಲ್ಲಿ ಇದೇ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು. ಕಂಪೆನಿಯ ಸಾಲಕ್ಕೆ ಮಾಲೀಕನ ಹೆಂಡತಿಯ ಒಡವೆ ಜಾಮೀನಾಗಬೇಕೆಂಬ ಕಾನೂನು ಅಂದೂ ಇರಲಿಲ್ಲ, ಇಂದೂ ಇಲ್ಲ. ಹೆಂಗಸಿನ ಒಡವೆ ಆಕೆಯ ಆಪತ್ಕಾಲದ ಗಂಟು ಎಂಬುದನ್ನು ನಮ್ಮ ಮನೆಗಳ ಅಜ್ಜಿಯರು ಚೆನ್ನಾಗಿ ಬಲ್ಲರು. ಅದನ್ನು ಇತರರ ಸಂಬಳಕ್ಕಾಗಿ ಒತ್ತೆಯಿಡಲು ಒಪ್ಪುವುದಕ್ಕೆ ಗಟ್ಟಿ ಮನಸ್ಸು ಬೇಕು. ಕಂಪೆನಿ ಚೇತರಿಸಿಕೊಂಡಿತು, ಒಡವೆಗಳು ಮರಳಿ ಬಂದವು.

ಅಂಗಳದಿಂದ ವೇದಿಕೆಗೆ

ಮೆಹರ್‌ಬಾಯಿಯವರ ಸಾರ್ವಜನಿಕ ಜೀವನ ಆಟಕ್ಕೆ ಸೀಮಿತವಾಗಿರಲಿಲ್ಲ. ಬಾಂಬೆ ಪ್ರೆಸಿಡೆನ್ಸಿ ಮಹಿಳಾ ಮಂಡಳಿ ಹಾಗೂ ರಾಷ್ಟ್ರೀಯ ಮಹಿಳಾ ಮಂಡಳಿಗಳ ಸ್ಥಾಪನೆಯಲ್ಲಿ ಅವರು ದುಡಿದರು. ಸ್ತ್ರೀ ಶಿಕ್ಷಣ, ಪರದಾ ಪದ್ಧತಿಯ ನಿವಾರಣೆ, ಮಹಿಳೆಯರ ಮತದಾನದ ಹಕ್ಕು ಇವು ಅವರ ಕಾಳಜಿಯ ವಿಷಯಗಳಾಗಿದ್ದವು. 1927ರ ನವೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಕಾಲೇಜಿನಲ್ಲಿ ಬಾಲ್ಯವಿವಾಹವನ್ನು ತಡೆಯುವ ಮಸೂದೆಯ ಪರವಾಗಿ ಮಾತನಾಡಿದರು. ಶಾರದಾ ಕಾಯಿದೆ ಎಂದೇ ಹೆಸರಾದ ಬಾಲ್ಯವಿವಾಹ ನಿಯಂತ್ರಣ ಕಾಯಿದೆ 1929ರಲ್ಲಿ ಅಂಗೀಕಾರವಾಗಿ, ಹುಡುಗಿಯರ ವಿವಾಹದ ಕನಿಷ್ಠ ವಯಸ್ಸನ್ನು 14 ಎಂದು ನಿಗದಿಗೊಳಿಸಿತು. ಹದಿನೆಂಟರವರೆಗೆ ಓದಲು ಅವಕಾಶ ಪಡೆದಿದ್ದ ಮಗಳು, ಅಂತಹ ಅವಕಾಶ ಇತರ ಹೆಣ್ಣುಮಕ್ಕಳಿಗೂ ಸಿಗಲೆಂದು ದುಡಿದದ್ದು ಸಹಜವೇ ಆಗಿದೆ.

1931ರ ಜೂನ್ 18ರಂದು, ಲುಕೀಮಿಯಾ ಎಂಬ ರಕ್ತದ ಕ್ಯಾನ್ಸರಿನಿಂದ ಮೆಹರ್‌ಬಾಯಿ ಬ್ರಿಟನ್ನಿನ ವೇಲ್ಸ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ 51 ವರ್ಷ. ಪತ್ನಿಯ ನೆನಪಿನಲ್ಲಿ ದೊರಾಬ್‌ಜಿ 1932ರಲ್ಲಿ ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್ ಸ್ಥಾಪಿಸಿ, ಲುಕೀಮಿಯಾ ಕುರಿತ ಸಂಶೋಧನೆಗೆ ಹಣ ಮೀಸಲಿಟ್ಟರು. ಅದೇ ವರ್ಷ ಜೂನ್ 3ರಂದು ಜರ್ಮನಿಯಲ್ಲಿ ಅವರೂ ನಿಧನರಾದರು. ಜುಬಿಲಿ ವಜ್ರ ಮುಂದೆ ಮಾರಾಟವಾಗಿ, ಬಂದ ಹಣ ಅವರ ಹೆಸರಿನ ಟ್ರಸ್ಟನ್ನು ಸೇರಿತು. ಆ ಟ್ರಸ್ಟ್ ಪರೇಲಿನಲ್ಲಿ ಕಟ್ಟಿಸಿದ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರ ಫೆಬ್ರವರಿ 28ರಂದು ಉದ್ಘಾಟನೆಗೊಂಡಿತು. 1962ರಲ್ಲಿ ಆಸ್ಪತ್ರೆಯ ಆಡಳಿತ, ಸೋದರಳಿಯ ಹೋಮಿ ಭಾಭಾ ಮುನ್ನಡೆಸುತ್ತಿದ್ದ ಅಣುಶಕ್ತಿ ಇಲಾಖೆಯ ಅಧೀನಕ್ಕೆ ಬಂತು. ನಮ್ಮ ನವಿ ಮುಂಬಯಿಯ ಖಾರ್‌ಘರ್‌ನಲ್ಲಿರುವ ‘ಆಕ್ಟ್ರೆಕ್’ ಕೂಡ ಇದೇ ಟಾಟಾ ಮೆಮೋರಿಯಲ್ ಕೇಂದ್ರದ ಅಂಗ.

ಮುಂದೆ ಬಂದವರು

ಆಸ್ಪತ್ರೆಯ ಕೊಡುಗೆ ಹೀಗೆ ಪೀಳಿಗೆಯಿಂದ ಪೀಳಿಗೆಗೆ ಬೆಳೆಯಿತು. ಆದರೆ ಟೆನಿಸ್? ಮೆಹರ್‌ಬಾಯಿಯವರ ಬಳಿಕ ಮುಂಬಯಿಯಲ್ಲಿ ಇನ್ನೊಂದು ಮನೆ ಹೆಣ್ಣುಮಗಳ ಕೈಗೆ ರ‍್ಯಾಕೆಟ್ ಕೊಟ್ಟಿತು. ‘ಸತ್ಯಾಗ್ರಹ ಗೀತಾ’ ಎಂಬ ಸಂಸ್ಕೃತ ಕಾವ್ಯವನ್ನು ರಚಿಸಿದ ಪಂಡಿತಾ ಕ್ಷಮಾ ರಾವ್ ಸ್ವತಃ ಟೆನಿಸ್ ಆಡುತ್ತಿದ್ದರು. ಅವರ ಮಗಳು ಲೀಲಾ ರಾವ್ 1934ರಲ್ಲಿ ವಿಂಬಲ್ಡನ್ ಸಿಂಗಲ್ಸ್‌ನ ಮೊದಲ ಸುತ್ತಿನಲ್ಲಿ ಬ್ರಿಟನ್ನಿನ ಗ್ಲಾಡಿಸ್ ಸೌತ್‌ವೆಲ್ ಅವರನ್ನು ಸೋಲಿಸಿ, ಅಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ತಾಯಿಯಂತೆ ಮಗಳೂ ಸಂಸ್ಕೃತದಲ್ಲಿ ಬರೆದವರು, ನೃತ್ಯದ ಕುರಿತು ಗ್ರಂಥ ರಚಿಸಿದವರು. ಆಟವಾಡಿದರೆ ಓದು ಕೆಡುತ್ತದೆ ಎನ್ನುವವರಿಗೆ ಈ ತಾಯಿ ಮಗಳೇ ಉತ್ತರ.

ಆದರೆ ಇವೆಲ್ಲ ಒಂದೊಂದು ಮನೆಯ ಸಾಧನೆಗಳು. ಆ ಕಾಲದ ಟೆನಿಸ್‌ನ ದೊಡ್ಡ ಟೂರ್ನಿಗಳಲ್ಲಿ ಬಹುಮಾನದ ಹಣವಿರಲಿಲ್ಲ. 1968ರವರೆಗೆ ವಿಂಬಲ್ಡನ್‌ನಲ್ಲಿ ಹವ್ಯಾಸಿಗಳಿಗೆ ಮಾತ್ರ ಪ್ರವೇಶವಿತ್ತು. ಹಡಗಿನ ಖರ್ಚು, ವಾಸದ ಖರ್ಚು ಎಲ್ಲವೂ ಆಟಗಾರ್ತಿಯ ಮನೆಯದೇ. ಸಿರಿವಂತ, ಸುಶಿಕ್ಷಿತ ಕುಟುಂಬದ ಹುಡುಗಿಗಷ್ಟೇ ಅದು ಸಾಧ್ಯವಾಗಿತ್ತು. ಹೇಜಲ್ ವೈಟ್‌ಮನ್ ಅವರ ಕಪ್ಪಿನಂತೆ ಪ್ರತಿ ವರ್ಷ ಎಳೆಯರನ್ನು ಕರೆಯುವ ವ್ಯವಸ್ಥೆಯಿಲ್ಲದ ಕಡೆ, ಒಬ್ಬಳು ಆಟ ನಿಲ್ಲಿಸಿದರೆ ದಾರಿ ಅಲ್ಲಿಗೇ ನಿಲ್ಲುತ್ತಿತ್ತು. ನಿರುಪಮಾ ವೈದ್ಯನಾಥನ್ 1998ರಲ್ಲಿ ಆಸ್ಟ್ರೇಲಿಯನ್ ಓಪನ್ ಸಿಂಗಲ್ಸ್‌ನಲ್ಲಿ ಪಂದ್ಯ ಗೆದ್ದಾಗಲೂ, ಸಾನಿಯಾ ಮಿರ್ಜಾ 2015ರಲ್ಲಿ ಮಾರ್ಟಿನಾ ಹಿಂಗಿಸ್ ಜೊತೆಗೂಡಿ ವಿಂಬಲ್ಡನ್ ಡಬಲ್ಸ್ ಪ್ರಶಸ್ತಿ ಗೆದ್ದಾಗಲೂ ಬೆನ್ನಿಗೆ ಮೊದಲು ನಿಂತದ್ದು ಅವರವರ ಮನೆಯೇ.

ವ್ಯವಸ್ಥೆ ಬೆಂಬಲಕ್ಕೆ ನಿಂತರೆ ಏನಾಗಬಹುದೆಂಬುದನ್ನು ನಾವು ನಮ್ಮ ನೆರೆಯಲ್ಲಿಯೇ ಕಂಡೆವು. ನೆರೂಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2023ರ ಮಾರ್ಚ್‌ನಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಕ್ರಿಕೆಟ್ ಆರಂಭವಾಯಿತು. ಅದೇ ಅಂಗಳದಲ್ಲಿ 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಎತ್ತಿ ಹಿಡಿದರು. ಸಾಮಾನ್ಯ ಮನೆಗಳಿಂದ ಬಂದ ಹುಡುಗಿಯರು ಆ ತಂಡದಲ್ಲಿದ್ದರು. ಶಿಬಿರ, ತರಬೇತಿ, ಪಂದ್ಯದ ಸಂಭಾವನೆ ಇವು ದೊರೆತಾಗ ಆಟ ಸಿರಿವಂತರ ಸೊತ್ತಾಗಿ ಉಳಿಯುವುದಿಲ್ಲ.

ನಮ್ಮ ಮನೆಗಳ ಮಾತು

ನಮ್ಮ ಕುಟುಂಬಗಳು ಹೆಣ್ಣುಮಕ್ಕಳ ಓದಿನಲ್ಲಿ ಹಿಂದೆ ಬಿದ್ದಿಲ್ಲ. ಭರತನಾಟ್ಯ, ಸಂಗೀತ, ಯಕ್ಷಗಾನ ತರಗತಿಗಳಿಗೂ ಮಕ್ಕಳನ್ನು ಅಕ್ಕರೆಯಿಂದ ಕಳುಹಿಸುತ್ತೇವೆ. ಆದರೆ ಎಂಟನೆಯ ತರಗತಿ ದಾಟುತ್ತಲೇ ಹುಡುಗಿಯ ಆಟ ಮೊದಲು ನಿಲ್ಲುತ್ತದೆ. “ಇನ್ನು ಹತ್ತನೆಯ ತರಗತಿ, ಕ್ಲಾಸಿಗೆ ಹೋಗಬೇಕು” ಎನ್ನುತ್ತೇವೆ. ತಮ್ಮನ ಕ್ರಿಕೆಟ್ ಬ್ಯಾಟು ಬಾಗಿಲ ಹಿಂದೆಯೇ ಇರುತ್ತದೆ, ಅಕ್ಕನ ಬ್ಯಾಡ್ಮಿಂಟನ್ ರ‍್ಯಾಕೆಟ್ ಅಟ್ಟ ಸೇರುತ್ತದೆ. ಬೆಳಗಿನ ಎಂಟರ ಬಳಿಕ ಹುಡುಗಿಯರಿಗೆ ಅಂಗಳವಿಲ್ಲ ಎಂದ ಬರ್ಕ್ಲಿಯ ನಿಯಮಕ್ಕೂ ನಮ್ಮ ಈ ರೂಢಿಗೂ ಹೆಚ್ಚಿನ ವ್ಯತ್ಯಾಸವಿದೆಯೇ ಎಂದು ಯೋಚಿಸಬೇಕಾಗಿದೆ.

ಎಲ್ಲ ಹುಡುಗಿಯರೂ ಚಾಂಪಿಯನ್ ಆಗಬೇಕಾಗಿಲ್ಲ. ಮೆಹರ್‌ಬಾಯಿ ಜಗತ್ತಿನ ಚಾಂಪಿಯನ್ ಆಗಿರಲಿಲ್ಲ. ಆದರೆ ಜನರ ಕಣ್ಣೆದುರು ಸೋಲು ಗೆಲುವುಗಳೆರಡನ್ನೂ ಎದುರಿಸಿ ನಿಲ್ಲುವ ರೂಢಿಯನ್ನು ಟೆನಿಸ್ ಅಂಗಳ ಅವರಿಗೆ ಕೊಟ್ಟಿತು. ಅಂತಹ ರೂಢಿ ಬ್ಯಾಂಕಿನ ಕೌಂಟರಿನಲ್ಲಿಯೂ ಬೇಕು, ಆಸ್ಪತ್ರೆಯ ವಾರ್ಡಿನಲ್ಲಿಯೂ ಬೇಕು, ಸಂಸಾರದಲ್ಲಿಯೂ ಬೇಕು. ನಮ್ಮ ಸಂಘಗಳ ವಾರ್ಷಿಕ ಕ್ರೀಡಾಕೂಟದಲ್ಲಿ ಹುಡುಗಿಯರಿಗೆ ನಿಂಬೆಹಣ್ಣು-ಚಮಚದ ಓಟವೊಂದೇ ಸಾಲದು. ವರ್ಷಕ್ಕೊಮ್ಮೆ ಹದಿನಾರರ ಒಳಗಿನ ಹುಡುಗಿಯರಿಗಾಗಿ ಟೆನಿಸ್ ಅಥವಾ ಬ್ಯಾಡ್ಮಿಂಟನ್ ಸ್ಪರ್ಧೆ ನಡೆಸಿ, ಹೆಸರು ಕೆತ್ತಿಸುವ ಒಂದು ಪುಟ್ಟ ಕಪ್ ಇರಿಸಿದರೂ ಸಾಕು. ಮುಂದಿನ ವರ್ಷ ಆ ಕಪ್ಪಿಗಾಗಿ ಇನ್ನೊಬ್ಬ ಹುಡುಗಿ ಅಟ್ಟದಿಂದ ರ‍್ಯಾಕೆಟ್ ಇಳಿಸುತ್ತಾಳೆ. ವೈಟ್‌ಮನ್ ಕಪ್ ಕೂಡ ಒಬ್ಬ ಮಹಿಳೆ ಕೊಟ್ಟ ಒಂದು ಕಪ್ಪಿನಿಂದಲೇ ಆರಂಭವಾಯಿತು.